ನಡುವಿನ ಮನೆಯ ತಕರಾರು

ಇಸ್ತ್ರಿ ಅಂಗಡಿಯವನು ಸೊಳ್ಳೆ ಓಡಿಸಲು ಕೈ ಎತ್ತಿದ್ದೇ ತಪ್ಪಾಯಿತು. ಓಣಿಯ ಯುವ ಸಂಘದ ಸಭೆಯಲ್ಲಿ ಅಧ್ಯಕ್ಷೆ ಆಗಷ್ಟೇ, "ಬೇಕರಿಯವರಿಗೂ ಟೀಚರಮ್ಮನಿಗೂ ಯಾರು ರಾಜಿ ಮಾಡಿಸ್ತೀರಿ?" ಎಂದು ಕೇಳಿದ್ದಳು.

"ಶಹಭಾಷ್! ಇವತ್ತೇ ಮುಗಿಸಿಬಿಡು."

"ಅಲ್ಲಕ್ಕಾ, ನಾನು ಸೊಳ್ಳೆ..."

"ಸೊಳ್ಳೆ ವಿಷಯ ಮುಂದಿನ ಸಭೆಗೆ."

ಅಧ್ಯಕ್ಷೆ ಹೊಲಿಗೆಯವಳು. ಅವಳು ಹಾಕಿದ ಹೊಲಿಗೆಯನ್ನೂ ಆಡಿದ ಮಾತನ್ನೂ ಬಿಚ್ಚಿದವರಿಲ್ಲ.

ಹಾಗೆ ನೋಡಿದರೆ ಇಸ್ತ್ರಿಯವನಿಗೂ ಈ ರಾಜಿ ಬೇಕಿತ್ತು. ಆ ಜಗಳದ ಗದ್ದಲಕ್ಕೆ ಅವನ ಎಳೆಗೂಸು ಕಣ್ಣು ಮುಚ್ಚುತ್ತಿರಲಿಲ್ಲ. "ಇದು ನಿಲ್ಲದಿದ್ರೆ ನಾನು ಅಮ್ಮನ ಮನೆಗೆ ಹೊರಟೆ" ಎಂದು ಹೆಂಡತಿ ಬಟ್ಟೆ ಕಟ್ಟತೊಡಗಿದ್ದಳು.

ಜಗಳಗಂಟರಿಬ್ಬರ ನಡುವೆ ಇದ್ದದ್ದು ಒಂದು ಮನೆ. ಅಲ್ಲಿದ್ದ ಒಂಟಿ ಗುಮಾಸ್ತರು ತೀರಿಕೊಂಡ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ಅಂದಿನಿಂದಲೇ ಇವರಿಬ್ಬರೂ ಹಾವು ಮುಂಗುಸಿ.

"ನಾನು ಹಿಟ್ಟು ನಾದೋ ಹೊತ್ತಿಗೇ ಆಯಮ್ಮ ಗಂಟಲು ಹರಿಯೋ ಹಾಗೆ ಮಗ್ಗಿ ಹೇಳ್ತಾರೆ!" ಎಂದು ಬೇಕರಿಯವರು ಹಿಟ್ಟಿನ ರಾಶಿಯ ಮೇಲೆ ಗುದ್ದಿದರು. ಎದುರಿಗೆ ನಿಂತಿದ್ದ ಇಸ್ತ್ರಿಯವನು ಸುಣ್ಣ ಬಳಿದ ಗೋಡೆಯಾದ.

"ಅವನು ಒಲೆ ಬಾಗಿಲು ದಬದಬ ಬಡೀತಾನಲ್ಲ, ಅದನ್ನ ಕೇಳೋರಿಲ್ವಾ?" ಎಂದು ಟೀಚರಮ್ಮ ಸಿಟ್ಟಿನಲ್ಲಿ ಬಕೆಟ್ ನೀರನ್ನು ಅಂಗಳಕ್ಕೆ ಎರಚಿದರು. ಅಂಗಳದಲ್ಲಿ ನಿಂತಿದ್ದವನು ಇಸ್ತ್ರಿಯವನೇ. ಹಿಟ್ಟೂ ಆಯಿತು, ನೀರೂ ಆಯಿತು. ಒಲೆಗಿಟ್ಟರೆ ಬನ್ನಾಗುವುದೊಂದೇ ಬಾಕಿ.

ಒಂದು ಮಾತ್ರ ಅವನಿಗೆ ವಿಚಿತ್ರವೆನಿಸಿತು. ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಇಬ್ಬರೂ ಬೀಗದ ಮನೆಯ ಕಡೆ ಕಿವಿಗೊಡುತ್ತಿದ್ದರು. ಮರುಕ್ಷಣವೇ ಬೆಂಕಿ ತಾಗಿದವರಂತೆ ಮತ್ತೆ ಕಿರುಚುತ್ತಿದ್ದರು.

ಸಂಜೆಯವರೆಗೆ ಆ ಮನೆಗೂ ಈ ಮನೆಗೂ ತಿರುಗಿ ತಿರುಗಿ ಅವನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಕೊನೆಗೆ ಅವನ ಅವತಾರ ನೋಡಿ ಟೀಚರಮ್ಮ ಕಿಸಕ್ಕನೆ ನಕ್ಕರು. ಬೇಕರಿಯವರೂ ನಕ್ಕರು. ನಡುವಿನ ಮನೆಯ ಮೆಟ್ಟಿಲ ಮೇಲೆ ಮೂವರೂ ಕೂತು ಚಹಾ ಕುಡಿದರು. "ಅಕ್ಕಾ" ಎಂದರು ಇವರು. "ತಮ್ಮಾ" ಎಂದರು ಅವರು.

ಓಣಿ ತಣ್ಣಗಾಯಿತು. ಎಲೆ ಬಿದ್ದರೂ ಕೇಳುವಷ್ಟು ತಣ್ಣಗೆ.

ಬೀಗದ ಮನೆಯೊಳಗೆ ಯಾರೋ ಕುರ್ಚಿ ಎಳೆದರು.

ಬೇಕರಿಯವರು ಲೋಟ ಕೆಳಗಿಟ್ಟು ಟೀಚರಮ್ಮನ ತೋಳು ಹಿಡಿದರು. "ಅಕ್ಕಾ, ಬಯ್ಯಿ! ಬೇಗ ಬಯ್ಯಿ!"

"ಏನಂತ ಬಯ್ಯಲೋ? ಈಗಷ್ಟೇ ತಮ್ಮಾ ಅಂದೆನಲ್ಲ!"

"ಯಾರದು ಒಳಗೆ?" ಇಸ್ತ್ರಿಯವನು ಕೇಳಿದ.

"ಗುಮಾಸ್ತರು ಕಣಪ್ಪಾ," ಟೀಚರಮ್ಮ ಪಿಸುಗುಟ್ಟಿದರು. "ಬದುಕಿದ್ದಾಗ ಅವರ ಮಾತು ಯಾರೂ ಪೂರ್ತಿ ಕೇಳಲಿಲ್ಲ. ಈಗ ಓಣಿ ಸುಮ್ಮನಾದ್ರೆ ಸಾಕು, ಶುರು ಮಾಡ್ತಾರೆ. ಅದಕ್ಕೇ ನಾವು ಕೂಗಾಡ್ತಿದ್ದದ್ದು."

ಒಳಗೆ ಯಾರೋ ಕೆಮ್ಮಿದರು. ಇಸ್ತ್ರಿಯವನು ದಡಕ್ಕನೆ ಎದ್ದು ನಿಂತು, "ಹೊತ್ತಿದ ಬ್ರೆಡ್ಡೇ! ಮಗ್ಗಿ ಮುದುಕೀ!" ಎಂದು ಜೀವಮಾನದಲ್ಲಿ ಕೂಗದಷ್ಟು ಜೋರಾಗಿ ಕೂಗಿದ. ಬಾಯಿಗೆ ಬಂದದ್ದನ್ನೆಲ್ಲ ಕೂಗಿದ.

ಹೊಸ ಜಗಳದ ಸುದ್ದಿ ಕೇಳಿ ಸಂಘವೇ ಓಡಿಬಂತು.

"ರಾಜಿಗೆ ಕಳಿಸಿದ್ರೆ ನೀನೇ ಜಗಳಕ್ಕೆ ನಿಂತಿದ್ದೀಯಾ?" ಅಧ್ಯಕ್ಷೆ ಗುಡುಗಿದಳು. "ಬಾಯಿ ಮುಚ್ಚಿ! ಎಲ್ಲರೂ!"

"ಬೇಡಕ್ಕಾ, ದಯವಿಟ್ಟು ಯಾರಾದ್ರೂ ಮಾತಾಡ್ತಾ ಇರಿ..."

"ಮುಚ್ಚು ಅಂದೆ!"

ಎಲ್ಲರೂ ಮುಚ್ಚಿದರು.

"ರಾಜಿ ಮಾಡಿಸೋರು ಬಂದ್ರಾ?" ಬಾಗಿಲ ಹಿಂದಿನಿಂದ ಬಲು ಸೌಜನ್ಯದ ದನಿಯೊಂದು ಕೇಳಿತು. "ನನ್ನದೂ ಒಂದು ತಕರಾರಿತ್ತು."

ಬೀಗ ತಾನಾಗಿ ಕಳಚಿ ಮೆಟ್ಟಿಲ ಮೇಲೆ ಬಿತ್ತು. ಬಾಗಿಲು ತೆರೆದುಕೊಂಡಿತು. ಓಡಬೇಕೆಂದು ಇಸ್ತ್ರಿಯವನು ತಿರುಗುವಷ್ಟರಲ್ಲಿ ಹಿಂದಿನಿಂದ ಯಾವುದೋ ಕೈ ಅವನನ್ನು ಒಳಕ್ಕೆ ತಳ್ಳಿತು. ಅದು ಬೇಕರಿಯವರದೋ, ಟೀಚರಮ್ಮನದೋ, ಅಧ್ಯಕ್ಷೆಯದೋ, ಕೊನೆಗೂ ತಿಳಿಯಲಿಲ್ಲ. ಓಡುವ ಹೆಜ್ಜೆಗಳ ಸದ್ದು ಮಾತ್ರ ಓಣಿಯುದ್ದಕ್ಕೂ ಕೇಳಿತು.

ಒಳಗೆ ಎದುರುಬದುರು ಎರಡು ಕುರ್ಚಿಗಳಿದ್ದವು. ಎರಡೂ ಖಾಲಿ. ಒಂದರ ಧೂಳನ್ನು ಯಾರೋ ಆಗಷ್ಟೇ ಒರೆಸಿದ್ದರು.

"ಕೂತ್ಕೋ ಮಗು," ಎಂದಿತು ದನಿ. "ಬಾಗಿಲು ಹಾಕಿಬಿಡು. ನನ್ನದು ಸ್ವಲ್ಪ ಉದ್ದದ ಕತೆ."