ರೆನಾಟಾ ಎಂದರೆ

ಮಗುವಿನದು ಸ್ವಾತಿ ನಕ್ಷತ್ರ, ಹೆಸರು 'ರೆ'ಯಿಂದ ಶುರುವಾಗಲಿ ಎಂದು ಭಟ್ಟರು ಹೇಳಿದ್ದೇ ರಮಾಕಾಂತನ ಕಷ್ಟಕ್ಕೆ ಮೂಲ. ರೇಖಾ, ರೇವತಿ, ರೇಣುಕಾ ಮೂವರೂ ಅವನ ಸೋದರತ್ತೆಯರು. ಒಬ್ಬರ ಹೆಸರಿಟ್ಟರೆ ಉಳಿದಿಬ್ಬರು ಜನ್ಮದಲ್ಲಿ ಮನೆ ಮೆಟ್ಟಿಲು ಹತ್ತುವವರಲ್ಲ. ಇಂಟರ್‌ನೆಟ್ ಜಾಲಾಡಿ ಅವನು ರೆನಾಟಾ ಎಂಬ ಲ್ಯಾಟಿನ್ ಹೆಸರು ತಂದ. ಹೆಂಡತಿ ಅಪೇಕ್ಷಾ ಒಪ್ಪಿದಳು.

ನಾಮಕರಣದ ಬೆಳಿಗ್ಗೆ ಅಮ್ಮ ಜಲಜಾಕ್ಷಿ ಅರ್ಥ ಕೇಳಿದರು.

"ಮತ್ತೆ ಹುಟ್ಟಿ ಬಂದವಳು ಅಂತಮ್ಮ."

ಜಲಜಾಕ್ಷಿ ಗಕ್ಕನೆ ತೊಟ್ಟಿಲ ಕಡೆ ತಿರುಗಿದರು. ಮಾಜಿವಾಡಾದ ಹೋಟೆಲನ್ನೂ ವರ್ತಕ ನಗರದ ಈ ಮನೆಯನ್ನೂ ಒಂದೇ ಬಿಗಿಯಲ್ಲಿ ನಡೆಸಿದ್ದ ಅವರ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಪಕ್ಕದ ಮನೆಯ ಲೋಲಾಕ್ಷಿ ಬಗ್ಗಿ ನೋಡಿ, ಈ ಗಂಟಿಕ್ಕಿದ ಹುಬ್ಬು ನಿಮ್ಮ ರಾಯರದ್ದೇ ಎಂದುಬಿಟ್ಟರು.

ಅಷ್ಟೇ ಸಾಕಾಯಿತು. ಜಲಜಾಕ್ಷಿ ತಲೆ ಮೇಲೆ ಸೆರಗು ಹೊದ್ದರು. ಕಾಫಿಯ ಮೊದಲ ಲೋಟ ತೊಟ್ಟಿಲ ಪಕ್ಕಕ್ಕೆ ಬಂತು. ಟಿವಿ ಹಾಡು ಬಿಟ್ಟು ವಾರ್ತೆಗೆ ಹೋಯಿತು. ಮಗಳನ್ನು ಎತ್ತಿಕೊಳ್ಳಲು ಹೋದ ರಮಾಕಾಂತನಿಗೆ, ಅಪ್ಪನನ್ನು ಯಾರಾದರೂ ಎತ್ತಿ ಆಡಿಸುತ್ತಾರಾ ಎಂದು ಅಮ್ಮನಿಂದ ಬೈಗುಳ ಬಿತ್ತು.

"ಮೊದಲು ಆ ಪಂಚೆ ಇಳಿಸು. ಇವರು ನೋಡ್ತಾ ಇದ್ದಾರೆ."

ಅಪ್ಪನಾದೆನೆಂದು ಹನ್ನೊಂದು ದಿನದಿಂದ ಬೀಗುತ್ತಿದ್ದ ರಮಾಕಾಂತ ಎತ್ತಿ ಕಟ್ಟಿದ ಪಂಚೆ ಇಳಿಸಿ ಕೈಕಟ್ಟಿ ನಿಂತ. ತಾನು ಈ ಮಗುವಿನ ಅಪ್ಪನೋ ಮಗನೋ ಅವನಿಗೇ ತಿಳಿಯದಾಯಿತು.

ಅಪೇಕ್ಷಾ ಅವನನ್ನು ಒಳಕೋಣೆಗೆ ಎಳೆದಳು. "ನಾನೀಗ ಮಾವನಿಗೆ ಹಾಲು ಕುಡಿಸ್ಬೇಕಾ? ಬಸ್, ಸಾಕಿದು. ಮುಹೂರ್ತದ ಒಳಗೆ ಬೇರೆ ಹೆಸರು ನೋಡಿ."

ಬೆವರುತ್ತಾ ಮೊಬೈಲು ತಡಕಾಡಿದವನಿಗೆ ಅದೇ ಲ್ಯಾಟಿನ್ನಿನ ರೆಜಿನಾ ಸಿಕ್ಕಿತು. ಅರ್ಥ, ರಾಣಿ. ಹುಟ್ಟು ಸಾವಿನ ತಂಟೆಯೇ ಇಲ್ಲ.

ಮುಹೂರ್ತಕ್ಕೆ ಸರಿಯಾಗಿ ಮಗುವಿನ ಕಿವಿಯಲ್ಲಿ ಆ ಹೆಸರನ್ನು ಮೂರು ಸಲ ಉಸುರಿದ. ಬೆಳಗಿನ ಹೆಸರು ರದ್ದಾಗಿದೆ, ಇದಕ್ಕೆ ರಾಣಿ ಎಂದಷ್ಟೇ ಅರ್ಥ, ಯಾರೂ ಮತ್ತೆ ಹುಟ್ಟಿ ಬಂದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಸಾರಿ, ಗೆದ್ದವನಂತೆ ಪಂಚೆ ಎತ್ತಿ ಕಟ್ಟಿದ.

ಜಲಜಾಕ್ಷಿ ಮಗನ ತೋಳು ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ರಾಣಿ ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಇಲ್ಲಮ್ಮ. ಮೊಬೈಲಲ್ಲಿ ಸಿಕ್ಕಿತು."

"ನಾವಿಬ್ಬರೇ ಇದ್ದಾಗ ಇವರು ನನ್ನನ್ನು ಹಾಗೇ ಕರೀತಿದ್ದದ್ದು. ಈ ನಲವತ್ತು ವರ್ಷದಲ್ಲಿ ಒಬ್ಬರಿಗೂ ನಾನು ಹೇಳಿದ್ದಿಲ್ಲ." ಅವರ ಕಣ್ಣು ತುಂಬಿ ಬಂತು. ಸೆರಗನ್ನು ಇನ್ನಷ್ಟು ಎಳೆದುಕೊಂಡು ತೊಟ್ಟಿಲಿಗೆ ಬಾಗಿದರು. "ಬೆಳಿಗ್ಗೆ ನನಗೆ ಚೂರು ಅನುಮಾನ ಇತ್ತು. ಈಗ ಇಲ್ಲ."

ಮಗು ಹುಬ್ಬು ಗಂಟಿಕ್ಕಿ ರಮಾಕಾಂತನನ್ನು ನೋಡಿತು. ಅವನು ಮೆಲ್ಲಗೆ ಪಂಚೆ ಇಳಿಸಿದ.