ಸಾಯಬಣ್ಣನ ಒಂಬತ್ತು ವರ್ಷದ ಫೈಲು

ಬೆಳಗಿನ ಚಹಾ ಇನ್ನೂ ಗಂಟಲಿಳಿದಿರಲಿಲ್ಲ, ಸಾಯಬಣ್ಣನ ಫೋನಿಗೆ ಕಲಬುರಗಿಯ ಆಫೀಸಿನಿಂದ ಸಂದೇಶ ಬಂತು. ವಾಡಿ ಊರಿನ ತನ್ನ ಮನೆಯಲ್ಲೇ ಕೂತು ಆ ಆಫೀಸಿಗಾಗಿ ಒಂಬತ್ತು ವರ್ಷದಿಂದ ಯಂತ್ರಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುತ್ತಿದ್ದವನು ಅವನು. ಮಾಡಿದ ಪ್ರತಿ ಸಾಲೂ ಅವನ ಹಳೆಯ ಅನುವಾದದ ಸಾಫ್ಟ್‌ವೇರಿನ ಹೊಟ್ಟೆಯಲ್ಲಿತ್ತು. ಅದನ್ನೆಲ್ಲ ಯಾವ ಸಾಫ್ಟ್‌ವೇರಿನಲ್ಲಾದರೂ ತೆರೆಯುವಂಥ ಟಿಎಮ್‌ಎಕ್ಸ್ ಫೈಲು ಮಾಡಿ ಸಂಜೆ ಐದರೊಳಗೆ ಕಳಿಸಬೇಕಂತೆ. ಕಳಿಸಿದರೆ ಕಾಯಂ ನೌಕರಿ, ಇಲ್ಲದಿದ್ದರೆ ನಮಸ್ಕಾರ.

ಅಂಥ ಫೈಲಿನ ಮುಖವನ್ನೇ ಅವನು ಕಂಡಿರಲಿಲ್ಲ.

"ಎಲ್ಲಾ ಪ್ರಿಂಟ್ ತಗದು ಬಸ್ಸಿನ್ಯಾಗ ಕಳಸ್ರಿ" ಎಂದಳು ಹೆಂಡತಿ ಬಸ್ಸಮ್ಮ.

"ಫೋಟೋ ಹೊಡ್ದು ವಾಟ್ಸಾಪ್ ಮಾಡಿದ್ರ ಮುಗೀತಲ್ಲ!" ಪಕ್ಕದ ಮನೆಯ ಗುಂಡಮ್ಮ ಗೋಡೆಯಾಚೆಯಿಂದಲೇ ತೀರ್ಪು ಕೊಟ್ಟಳು.

ಕೊನೆಗೆ ಆನ್‌ಲೈನ್ ಅಂಗಡಿಯ ಕಲೀಮ್ ಬಂದು ಕೂತ. ಮೊದಲ ಸಲ ಕಂಪ್ಯೂಟರೇ ನಿಂತುಹೋಯಿತು. ಎರಡನೆಯ ಸಲ ಕನ್ನಡವೆಲ್ಲ ಡಬ್ಬಿ ಡಬ್ಬಿಯಾಗಿ ಬಂತು. ಸಾಯಬಣ್ಣನಿಗೆ ಅಳುವೇ ಬಂದುಬಿಟ್ಟಿತು.

"ಏನೇನ್ ಕಳಸ್ಬೇಕು ಅಂತ ಸಾಫ್ಟ್‌ವೇರ್ ಕೇಳ್ಲಿಕತ್ತದ್ರಿ" ಎಂದ ಕಲೀಮ್, ಮೂರನೆಯ ಸಲ.

"ಒಂದಕ್ಷರಾನೂ ಬಿಡಬ್ಯಾಡಪಾ!"

"ಹಂಗಾದ್ರ ಎಲ್ಲಾದಕ್ಕೂ ಟಿಕ್!"

ಐದಕ್ಕೆ ಹತ್ತು ನಿಮಿಷವಿರುವಾಗ ಫೈಲು ಹೋಯಿತು. ಸ್ವಲ್ಪ ಹೊತ್ತಿಗೇ ಫೋನು. ಆಫೀಸಿನಲ್ಲಿ ಅವನ ಅನುವಾದಗಳನ್ನೆಲ್ಲ ತಿದ್ದುವ ದೇವಿಕಾ ಮೇಡಂ.

"ಸಾಯಬಣ್ಣೋರ, ಭಾಳ ಚಲೋ ತೆರೀತು. ಆಫೀಸಿನ ಹತ್ತೂ ಮಂದಿ ಕಂಪ್ಯೂಟರ್‌ನ್ಯಾಗ ಹಾಕೀವಿ."

"ಏನರ ಕಳದದೇನ್ರಿ ಮೇಡಂ?"

"ಏನೂ ಕಳದಿಲ್ಲ. ಸಾಲಿನ ಬಾಜೂಕ ನೀವು ಬರಕೊಂಡ ಟಿಪ್ಪಣಿ ಸೈತ ಬಂದಾವ. ಓದ್ಲೇನು? 'ಇದನ್ನ ಕೆಡಿಸಿದಾಕಿ ದೇವಿಕಾ. ಈಕಿಗಿಂತ ನಮ್ಮ ಎಮ್ಮಿ ಕನ್ನಡ ಚಲೋ ಅದ.'"

ಯಾರೂ ನೋಡುವುದಿಲ್ಲವೆಂದು ಸಾಯಬಣ್ಣ ಒಂಬತ್ತು ವರ್ಷದ ಸಿಟ್ಟನ್ನೆಲ್ಲ ಅಲ್ಲಿ ಕಾರಿಕೊಂಡಿದ್ದ.

"ಅದು... ಸಾಫ್ಟ್‌ವೇರೇ ಏನೋ ಬರಕೊಂಡದ ಮೇಡಂ."

"ಹೌದೇನ್ರಿ? ಪ್ರತಿಯೊಂದಕ್ಕೂ ನಿಮ್ಮ ಹೆಸರು, ತಾರೀಖು, ಟೈಮ್ ಸುದ್ದಾ ಅದ. ಇರ್ಲಿ ಬಿಡ್ರಿ, ನೌಕರಿ ನಿಮಗೇ."

"ಖರೇನೇನ್ರಿ?!"

"ಖರೇನ. ನಾಳಿಂದ ಬಂದು ನನ್ನ ಬಾಜೂಕೇ ಕುಂದರ್ರಿ. ಟಿಪ್ಪಣಿ ಮುನ್ನೂರಾ ಹನ್ನೆರಡು ಅವ. ಒಂದೊಂದೇ ಜೋರಾಗಿ ಓದಿ ನನಗ ಕನ್ನಡ ಕಲಸ್ರಿ."

ಫೋನಿನೊಳಗಿಂದ ನೌಕರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಲೀಮ್ ಪೇಢೆ ತರಲು ಓಡಿದ. ಆ ಮುನ್ನೂರಾ ಹನ್ನೆರಡರಲ್ಲಿ ಎಮ್ಮೆ ಎಷ್ಟು ಸಲ ಬಂದಿದೆಯೆಂದು ಲೆಕ್ಕ ಹಾಕುತ್ತ ಸಾಯಬಣ್ಣ ನಿಂತೇ ಇದ್ದ.