ಅಸಲಿ ಮೆಡಲ್ ತೋರಿಸಿ ಕೆಟ್ಟೆ

ನನ್ನ ಅಜ್ಜ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು. ಅವರ ಬೆಳ್ಳಿ ಮೆಡಲ್ ನನ್ನ ಹತ್ತಿರ ಇದೆ. ನನಗೆ ಅದೆಂದರೆ ಜೀವ. ಅಷ್ಟಕ್ಕೇ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯವರು ನನ್ನನ್ನು ಮೆಡಲ್ ತಜ್ಞನನ್ನಾಗಿ ಮಾಡಿಬಿಟ್ಟರು. ಭಾನುವಾರ ಬಂತೆಂದರೆ ಯಾರಾದರೊಬ್ಬರು ಕರ್ಚೀಫಿನಲ್ಲಿ ಏನೋ ಸುತ್ತಿಕೊಂಡು ಬಂದು, "ಅಸಲಿಯೋ ನಕಲಿಯೋ ನೋಡಿ" ಅನ್ನುತ್ತಾರೆ. ನೋಡಿ ಹೇಳಿದರೆ ನಂಬುವುದಿಲ್ಲ. ಮತ್ತೆ ಬರುವುದು ಯಾಕೋ.

ಹಳೇ ಸರ್ಟಿಫಿಕೇಟು

ನೆರೂಳಿನಲ್ಲಿರುವ ಬೆಂಗಳೂರಿನವರೊಬ್ಬರು ಒಂದು ಮೆಡಲ್ ತಂದರು. ಪಳಪಳ ಹೊಳೆಯುತ್ತಿತ್ತು. ರಿಬ್ಬನ್ನಿನಲ್ಲಿ ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ.

"ಇದು ಯುದ್ಧವಾಗಿ ಎಷ್ಟೋ ವರ್ಷದ ಮೇಲೆ ಅಚ್ಚು ಹೊಡೆದದ್ದು" ಎಂದೆ.

"ಹೇಗಾಗತ್ತೆ ಸಾರ್? ಸರ್ಟಿಫಿಕೇಟ್ ಇದೆ."

ಕಾಗದ ಕಂದುಬಣ್ಣಕ್ಕೆ ತಿರುಗಿತ್ತು, ಕೈಗೂ ಅಂಟುತ್ತಿತ್ತು. ಅನುಮಾನ ಬಂದು ಮೂಸಿ ನೋಡಿದೆ. ಶುಂಠಿ ಚಹಾ.

"ಸಕ್ಕರೆಯನ್ನೂ ಹಾಕಿದ್ದಾರೆ" ಎಂದೆ. "ಇರುವೆ ಬರದ ಹಾಗೆ ನೋಡಿಕೊಳ್ಳಿ."

ಇಬ್ಬರಿಗೆ ಒಬ್ಬ ಅಜ್ಜ

ನಮ್ಮ ಮೇಲಿನ ಮನೆಯಲ್ಲಿ ಉಡುಪಿ ಕಡೆಯ ಹೋಟೆಲ್ ಮಾಲೀಕರಿದ್ದಾರೆ. ಅವರು ಪಕ್ಕದ ಊರು ಕಲ್ಯಾಣದಲ್ಲಿ ಕೊಂಡ ಮೆಡಲಿನ ಅಂಚು ಖಾಲಿ ಇತ್ತು. ನನ್ನ ಅಜ್ಜನದ್ದನ್ನು ಪಕ್ಕದಲ್ಲಿಟ್ಟು ಪಾಠ ಮಾಡಿದೆ.

"ಅಸಲಿಯಾದರೆ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟನ್ ಹೀಗೆ ಇರಬೇಕು. ನಮ್ಮ ಅಜ್ಜನದ್ದರಲ್ಲಿ ಇಲ್ಲಿ ತಗ್ಗು ಕಾಣುತ್ತದಲ್ಲ? ಯುದ್ಧದಲ್ಲಿ ಬಿದ್ದ ಪೆಟ್ಟು."

ಅವರು ಭಕ್ತಿಯಿಂದ ಎಲ್ಲವನ್ನೂ ಹೋಟೆಲ್ ಬಿಲ್ಲಿನ ಹಿಂದೆ ಬರೆದುಕೊಂಡರು. ಮುಂದಿನ ಭಾನುವಾರ ತಮ್ಮ ಮೆಡಲ್ ಮತ್ತೆ ತಂದರು. ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿಗೆ ಹೆಸರು ಹಾಕುವ ಮೆಷಿನ್ನಿನಲ್ಲಿ ಅಂಚಿನ ಸುತ್ತ ಬರೆಸಿದ್ದರು. ನನ್ನ ಅಜ್ಜನ ನಂಬರು, ನನ್ನ ಅಜ್ಜನ ಹೆಸರು.

"ನೀವೇ ಹೀಗೆ ಇರಬೇಕು ಅಂದದ್ದಲ್ವಾ ಮಾರಾಯ್ರೆ?"

"ಹಾಗಾದರೆ ನಮ್ಮಿಬ್ಬರಿಗೂ ಒಬ್ಬರೇ ಅಜ್ಜನಾ?"

"ಇರಲಿ ಬಿಡಿ. ನಾವೆಲ್ಲ ಊರಿನವರೇ ಅಲ್ವಾ."

ಪಂಚಾಯ್ತಿ

ಆ ದಿನ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಾತಾಡಿದ ಗಡಿಬಿಡಿಯಲ್ಲಿ ಅವರು ನನ್ನ ಮೆಡಲನ್ನೇ ಎತ್ತಿಕೊಂಡು ಹೋಗಿದ್ದರು. ಸಂಜೆ ನೋಡುತ್ತೇನೆ, ಕಪಾಟಿನಲ್ಲಿ ಡಬ್ಬಿ ಅಕ್ಷರದ ಅಜ್ಜ. ಹೆಂಡತಿಯನ್ನು ಕರೆದುಕೊಂಡು ಮೇಲಕ್ಕೆ ಓಡಿದೆ. ನನ್ನ ಮೆಡಲ್ ಅವರ ದೇವರ ಕೋಣೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

"ಇದು ನನ್ನದು" ಎಂದೆ.

"ಅದು ಹೇಗೆ? ಎರಡರಲ್ಲೂ ಒಂದೇ ಹೆಸರು."

"ನಿಮ್ಮದರಲ್ಲಿ ಅಕ್ಷರ ಗೀರಿದ್ದು. ಇದರಲ್ಲಿ ಒತ್ತಿದ್ದು."

"ನನ್ನ ಕಣ್ಣಿಗೆ ಎರಡೂ ಒಂದೇ ಮಾರಾಯ್ರೆ. ಪೂಜೆ ಬೇರೆ ಆಗಿದೆ."

ನನಗೆ ಅಳು ಬರುವುದೊಂದು ಬಾಕಿ. "ಈ ತಗ್ಗು ನೋಡಿ! ಯುದ್ಧದಲ್ಲಿ ಬಿದ್ದ ಪೆಟ್ಟು ಅಂತ ಹೇಳಿರಲಿಲ್ಲವೇ?"

ಅವರು ತಗ್ಗನ್ನು ಬೆರಳಿನಿಂದ ಸವರಿ ನೋಡಿದರು. "ಅಲ್ಲ, ಮೆಡಲ್ ಕೊಡುವುದು ಯುದ್ಧ ಮುಗಿದ ಮೇಲಲ್ವಾ?"

ಇಷ್ಟು ವರ್ಷದ ತಜ್ಞನಿಗೆ ಇದು ಹೊಳೆದೇ ಇರಲಿಲ್ಲ. ಆಗ ಹೆಂಡತಿ ಹೇಳಿದಳು: "ಎಂತ ಯುದ್ಧ? ಸಣ್ಣವರಿದ್ದಾಗ ಇವರು ಅದನ್ನು ಅಡಿಗಿಟ್ಟು ಕಲ್ಲಿನಲ್ಲಿ ಕಾಡುಬಾದಾಮಿ ಜಜ್ಜಿದ್ದಂತೆ. ಅತ್ತೆ ಹೇಳಿದ್ದು."

"ಮತ್ತೆ ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?"

"ಬಂದವರ ಎದುರು ನೀವು ಅಷ್ಟು ಚಂದ ಯುದ್ಧ ಮಾಡುವಾಗ ನಾನು ಯಾಕೆ ನಡುವೆ ಬರುವುದು?"

ಮಾಲೀಕರು ಕುಂಕುಮ ಒರೆಸಿ ಮೆಡಲನ್ನು ನನ್ನ ಕೈಗಿಟ್ಟರು.

"ಹಾಗಾದ್ರೆ ಇದು ನಿಮ್ಮದೇ, ತಗೊಳ್ಳಿ. ನಮ್ಮ ಅಜ್ಜನ ಮೆಡಲಿನಲ್ಲಿ ಯಾರೂ ಬಾದಾಮಿ ಜಜ್ಜಿಲ್ಲ."